ಲೆಕ್ಕಕ್ಕುಂಟು, ಆಟಕ್ಕಿಲ್ಲ: ಆಸ್ಪತ್ರೆಯಲ್ಲಿ ದುಡಿಯುವವರ ಪ್ರಶ್ನೆಗಳು

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆಸ್ಪತ್ರೆಗಳಲ್ಲಿ ದುಡಿಯುವವರದ್ದು. ಬರೆದವರ ಹುದ್ದೆಗಳು ಬೇರೆ ಬೇರೆಯಾದರೂ, ‘ಹಗಲು ರಾತ್ರಿ ದುಡಿಯುವ ಈ ಜಾಗದಲ್ಲಿ ನನ್ನನ್ನೂ ಇವರಲ್ಲೊಬ್ಬಳೆಂದು ಎಣಿಸಿದ್ದಾರೆಯೇ?’ ಎಂಬ ಕೇಳ್ವಿ ಎಲ್ಲದರಲ್ಲೂ ಇದೆ. 31 ವರ್ಷ ಶುಶ್ರೂಷಕಿಯಾಗಿ, ಅದರಲ್ಲಿ ಕೊನೆಯ 12 ವರ್ಷ ವಾರ್ಡಿನ ಮೇಲ್ವಿಚಾರಕಿಯಾಗಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಉತ್ತರಿಸಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಹತ್ತು ವರ್ಷ ಜನರಲ್ ವಾರ್ಡಿನಲ್ಲಿದ್ದ ನನ್ನನ್ನು ಏಳು ತಿಂಗಳ ಹಿಂದೆ ಐಸಿಯುಗೆ ಹಾಕಿದರು. ಯಾರೂ ನನ್ನೊಂದಿಗೆ ಜಗಳವಾಡಿಲ್ಲ, ಒರಟಾಗಿ ಮಾತನಾಡಿಲ್ಲ. ಆದರೆ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಕೊಡುವಾಗ ನನ್ನ ರೋಗಿಯ ವಿಷಯವನ್ನೂ ಪಕ್ಕದಲ್ಲಿರುವವರ ಮುಖ ನೋಡಿಯೇ ಹೇಳುತ್ತಾರೆ. ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರು ಸದಾ ಕೊನೆಯಲ್ಲಿ, ಯಾರಾದರೂ ರಜೆ ಹಾಕಿದರೆ ಅವರ ಜಾಗ ತುಂಬುವುದಕ್ಕೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬಂತಾಗಿದೆ. ಕಳೆದ ತಿಂಗಳು ಪಕ್ಕದ ಹಾಸಿಗೆಯ ರೋಗಿಗೆ ಔಷಧ ಹರಿಸುವ ಇನ್‌ಫ್ಯೂಷನ್ ಪಂಪಿನ ವೇಗ ಹೆಚ್ಚಾಗಿದ್ದಂತೆ ಕಂಡರೂ ‘ಅವರಿಗೆ ಗೊತ್ತಿಲ್ಲದ್ದೇ’ ಎಂದು ಸುಮ್ಮನಾದೆ. ಹತ್ತು ನಿಮಿಷದ ಬಳಿಕ ಅವರೇ ನೋಡಿ ಸರಿಪಡಿಸಿದರು, ರೋಗಿಗೆ ತೊಂದರೆಯಾಗಲಿಲ್ಲ. ನನಗೆ ಗೆಳೆತನವೇನೂ ಬೇಡ. ಕೆಲಸ ಮುಗಿಸಿ ಮನೆಗೆ ಹೋದರೆ ಸಾಕು ಎಂದುಕೊಳ್ಳುವುದು ತಪ್ಪೇ?
– ಒಬ್ಬ ಶುಶ್ರೂಷಕಿ

ಉತ್ತರ: ನೀವು ನಡುವೆ ಎಲ್ಲೋ ಹೇಳಿ ಮುಂದೆ ಹೋಗಿರುವ ಪಂಪಿನ ಸಂಗತಿಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನೀವು ಸುಮ್ಮನಾದದ್ದು ತಿಳಿಯದೆ ಅಲ್ಲ, ಅಲಕ್ಷ್ಯದಿಂದಲೂ ಅಲ್ಲ. ಪರದೆಯ ಮೇಲಿನ ಅಂಕಿ ನಿಮಗೆ ಕಾಣಿಸಿತು, ಅದು ಹೆಚ್ಚೆಂದು ಹತ್ತು ವರ್ಷದ ಅನುಭವ ಹೇಳಿತು, ಹೇಳಬೇಕೆಂದೂ ಅನಿಸಿತು. ಆದರೆ ‘ಇವರ ನಡುವೆ ಬಾಯಿ ಹಾಕಲು ನಾನ್ಯಾರು?’ ಎಂಬ ಅಳುಕು ನಾಲಿಗೆಯನ್ನು ಕಟ್ಟಿತು. ಬೇರೆ ಕಚೇರಿಗಳಲ್ಲಿ ‘ನಾನು ಇಲ್ಲಿಯವಳು’ ಎಂಬ ಭಾವ ಇಲ್ಲವಾದರೆ ದುಡಿಯುವವರ ನೆಮ್ಮದಿ ಕೆಡುತ್ತದೆ. ಆಸ್ಪತ್ರೆಯಲ್ಲಿ ಅದರ ಜೊತೆಗೆ ಹಾಸಿಗೆಯ ಮೇಲೆ ಮಲಗಿರುವವರಿಗೂ ಅಪಾಯ ಬರುತ್ತದೆ.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ಘಟಕಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಿಕೊಂಡು ದುಡಿಯುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆಂದು ಅವರು ನಿರೀಕ್ಷಿಸಿದ್ದರು. ಅಂಕಿಗಳು ತಿರುಗಾಮುರುಗಾ ಬಂದವು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕೆದಕಿ ನೋಡಿದಾಗ ತಿಳಿದದ್ದೇನೆಂದರೆ, ಆ ತಂಡಗಳವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು. ಉಳಿದ ಕಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. 1999ರ ಅವರ ಪ್ರಬಂಧದ ನಂತರ ‘ಮಾನಸಿಕ ಸುರಕ್ಷತೆ’ ಎಂಬ ಮಾತು ಆಸ್ಪತ್ರೆಗಳ ಆಡಳಿತದಲ್ಲಿ ಬಳಕೆಗೆ ಬಂತು. ಹೆಸರು ದೊಡ್ಡದು, ವಿಷಯ ಸರಳ: ‘ಸಿಸ್ಟರ್, ಆ ಪಂಪ್ ಒಮ್ಮೆ ನೋಡುತ್ತೀರಾ?’ ಎಂದು ಕೇಳಿದರೆ ಎದುರಿನವರು ಹುಬ್ಬು ಗಂಟಿಕ್ಕದೆ ತಿರುಗಿ ನೋಡಬೇಕು.

ಗೆಳೆತನ ಬೇಡವೆಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಗೆಳೆತನವೂ ಗುಂಪಿನಲ್ಲಿ ಒಬ್ಬರಾಗುವುದೂ ಒಂದೇ ಅಲ್ಲ. ಮನುಷ್ಯನಿಗೆ ಸೇರಿಕೆಯ ಹಂಬಲ ಮೂಲಭೂತವಾದುದೆಂದು ರಾಯ್ ಬೌಮೈಸ್ಟರ್ ಮತ್ತು ಮಾರ್ಕ್ ಲಿಯರಿ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ವಾದಿಸಿದಾಗ, ಅದು ತೀರಲು ಎರಡು ಸಂಗತಿಗಳು ಕೂಡಬೇಕೆಂದರು: ಕೆಲವರೊಂದಿಗಾದರೂ ಮತ್ತೆ ಮತ್ತೆ ಹಿತವಾದ ಒಡನಾಟವಿರಬೇಕು, ಜೊತೆಗೆ ಆ ಸಂಬಂಧ ನಾಳೆಯೂ ಇರುತ್ತದೆ, ನನ್ನ ಬಗ್ಗೆ ಇವರಿಗೆ ಕಾಳಜಿಯಿದೆ ಎಂಬ ಭರವಸೆಯಿರಬೇಕು. ನಿಮಗೆ ಸಿಗುತ್ತಿರುವುದು ಬರಿಯ ಸೌಜನ್ಯ. ಶಿಫ್ಟ್ ಬದಲಾದಂತೆ ಮುಖಗಳೂ ಬದಲಾಗುವ, ಇಂದು ಇಲ್ಲಿ ನಾಳೆ ಇನ್ನೊಂದೆಡೆ ಎಂದು ಓಡಾಡಿಸುವ ಆಸ್ಪತ್ರೆಯ ಏರ್ಪಾಟಿನಲ್ಲಿ ಮೊದಲು ಹರಿದುಹೋಗುವುದು ಆ ಎರಡನೆಯ ಎಳೆಯೇ. ಆದ್ದರಿಂದ ಇದನ್ನು ನಿಮ್ಮ ಸ್ವಭಾವದ ಕೊರತೆಯೆಂದು ತಿಳಿಯಬೇಡಿ.

ಇನ್ನು ನಿಮ್ಮ ಕೈಯಲ್ಲಿರುವುದು. ಹ್ಯಾಂಡೋವರ್ ಹೊತ್ತಿಗೆ ಗುಂಪಿನ ಹಿಂದೆ ನಿಲ್ಲದೆ ನಿಮ್ಮ ರೋಗಿಯ ತಲೆದೆಸೆಯಲ್ಲಿ ನಿಲ್ಲಿ. ಅವರು ಯಾರ ಮುಖ ನೋಡಿ ಹೇಳಿದರೂ ಕೇಳಿಸಿಕೊಂಡದ್ದನ್ನು ನೀವೇ ತಿರುಗಿ ಹೇಳಿ: ‘11ನೇ ಹಾಸಿಗೆ, ನಾರ್‌ಅಡ್ರಿನಲಿನ್ ಗಂಟೆಗೆ 4 ಎಂಎಲ್, ಕಳೆದ ಎರಡು ಗಂಟೆಯಲ್ಲಿ ಮೂತ್ರ 60 ಎಂಎಲ್, ಸರಿಯೇ?’ ಇದು ರೋಗಿಯ ಸುರಕ್ಷತೆಗೆ ಬೇಕೇ ಬೇಕಾದ ಅಭ್ಯಾಸ, ಯಾರೂ ಆಕ್ಷೇಪಿಸಲಾರರು. ಉತ್ತರ ಹೇಳುವವರು ನಿಮ್ಮ ಕಡೆ ತಿರುಗಲೇಬೇಕಾಗುತ್ತದೆ. ಘಟಕದ ಒಂದು ಸಣ್ಣ ಹೊಣೆಯನ್ನೂ, ಉದಾಹರಣೆಗೆ ತುರ್ತು ಟ್ರಾಲಿಯ ದಿನನಿತ್ಯದ ತಪಾಸಣೆಯನ್ನು, ಕೇಳಿ ಪಡೆದುಕೊಳ್ಳಿ. ಗಂಟಲೊಳಗೆ ನೋಡುವ ಲಾರಿಂಗೋಸ್ಕೋಪಿನ ಬಲ್ಬು ಉರಿಯುತ್ತಿದೆಯೇ, ಅಡ್ರಿನಲಿನ್ ಆಂಪೂಲುಗಳ ಅವಧಿ ಮುಗಿದಿದೆಯೇ ಎಂಬುದಕ್ಕೆ ನಿಮ್ಮನ್ನೇ ಕೇಳಬೇಕಾದಾಗ ಡ್ಯೂಟಿ ಪಟ್ಟಿಯ ಕೊನೆಯ ಸಾಲು ಅಷ್ಟಾಗಿ ಚುಚ್ಚುವುದಿಲ್ಲ. ಇಷ್ಟಾದ ಮೇಲೂ ಎರಡು ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಮೇಲ್ವಿಚಾರಕರನ್ನು ಕಾಣಿ. ಹೋದಾಗ ‘ನನಗೆ ಬೇಸರವಾಗಿದೆ’ ಎನ್ನುವುದಕ್ಕಿಂತ ‘ಕಳೆದ ಮೂರು ತರಬೇತಿಗಳಿಗೂ ನನ್ನ ಹೆಸರಿರಲಿಲ್ಲ, ಎರಡು ತಿಂಗಳಲ್ಲಿ ಇಷ್ಟು ಸಲ ನನ್ನನ್ನು ಬೇರೆ ಕಡೆ ಕಳುಹಿಸಿದ್ದೀರಿ’ ಎಂದು ತಾರೀಖು ಸಮೇತ ಹೇಳಿ.

ಒಂದು ಕೆಲಸ ಮಾತ್ರ ಕಷ್ಟದ್ದು. ಅಂದು ಪಂಪ್ ಸರಿಪಡಿಸಿದ ಸಹೋದ್ಯೋಗಿಗೆ ‘ನಾನು ನೋಡಿದ್ದೆ, ಹೇಳಲಿಲ್ಲ, ಇನ್ನು ಮುಂದೆ ಹೇಳುತ್ತೇನೆ’ ಎಂದು ಬಿಡುವಿನ ಹೊತ್ತಿನಲ್ಲಿ ತಿಳಿಸಿ. ಅವರು ಮುಖ ಗಂಟಿಕ್ಕಬಹುದು. ಆದರೂ ಆ ಘಟಕದಲ್ಲಿ ನಿಮ್ಮ ಮೊದಲ ನಿಜವಾದ ಮಾತುಕತೆ ಅದೇ ಆಗಬಹುದೆಂದು ನನಗೆ ಅನಿಸುತ್ತದೆ.

ಪ್ರಶ್ನೆ: ಒಂಬತ್ತು ವರ್ಷದಿಂದ ಶಸ್ತ್ರಚಿಕಿತ್ಸಾ ವಿಭಾಗದ ಸ್ವಚ್ಛತೆಯ ಕೆಲಸದಲ್ಲಿದ್ದೇನೆ. ನಾನು ಗುತ್ತಿಗೆಯವನು, ನನ್ನ ಗುರುತಿನ ಚೀಟಿಯ ಬಣ್ಣವೇ ಬೇರೆ. ವಿಭಾಗದ ವಾರ್ಷಿಕ ಫೋಟೊ ತೆಗೆಯುವಾಗ ಕುರ್ಚಿ ಜೋಡಿಸಲು ಕರೆದರು, ಜೋಡಿಸಿದ ಮೇಲೆ ಪಕ್ಕಕ್ಕೆ ನಿಲ್ಲಲು ಹೇಳಿದರು. ಸಭೆಗಳಲ್ಲಿ ಮಾತ್ರ ‘ನಾವೆಲ್ಲ ಒಂದೇ ಕುಟುಂಬ’ ಎನ್ನುತ್ತಾರೆ. ಈ ಆಸ್ಪತ್ರೆ ನನ್ನದು ಎಂದುಕೊಳ್ಳುವುದು ನನ್ನ ಭ್ರಮೆಯೇ?
– ಒಬ್ಬ ಸ್ವಚ್ಛತಾ ಕಾರ್ಮಿಕ

ಉತ್ತರ: ಭ್ರಮೆಯಲ್ಲ. ಆ ಕೋಣೆಯ ನೆಲ, ಮೇಜು, ದೀಪದ ಹಿಡಿಗಳು ನೀವು ಒರೆಸಿ ಮುಗಿಸುವವರೆಗೆ ಮುಂದಿನ ರೋಗಿಯನ್ನು ಒಳಗೆ ತರುವಂತಿಲ್ಲ. ಸೋಂಕು ತಡೆಯುವ ಸರಪಳಿಯಲ್ಲಿ ಶಸ್ತ್ರವೈದ್ಯರ ಕೈಗವಸಿನಷ್ಟೇ ನಿಮ್ಮ ಒರೆಸುಬಟ್ಟೆಯೂ ಒಂದು ಕೊಂಡಿ.

ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ಸಂಶೋಧಕಿಯರು ಆಸ್ಪತ್ರೆಯೊಂದರ ಸ್ವಚ್ಛತಾ ಕಾರ್ಮಿಕರನ್ನು ಮಾತನಾಡಿಸಿ ತಿಳಿದದ್ದನ್ನು 2001ರ ಲೇಖನವೊಂದರಲ್ಲಿ ಚರ್ಚಿಸಿದ್ದಾರೆ. ಒಂದೇ ಕೆಲಸದಲ್ಲಿದ್ದವರಲ್ಲಿ ಕೆಲವರು ತಮ್ಮ ಪಾಲಿಗೆ ಬಂದದ್ದನ್ನಷ್ಟೇ ಮಾಡಿ ಮುಗಿಸುತ್ತಿದ್ದರೆ, ಇನ್ನು ಕೆಲವರು ರೋಗಿಗಳೊಂದಿಗೆ ಮಾತನಾಡುತ್ತ, ನರ್ಸುಗಳ ಕೆಲಸ ಹಗುರವಾಗುವಂತೆ ತಮ್ಮ ಕೆಲಸದ ಹೊತ್ತನ್ನು ಹೊಂದಿಸಿಕೊಳ್ಳುತ್ತ, ತಾವೂ ರೋಗಿಯನ್ನು ಗುಣಪಡಿಸುವವರಲ್ಲಿ ಸೇರಿದವರೆಂದು ಭಾವಿಸಿದ್ದರು. ನಿಮ್ಮ ಪತ್ರ ಓದಿದರೆ ನೀವು ಎರಡನೆಯ ಗುಂಪಿನವರೆಂಬುದು ತಿಳಿಯುತ್ತದೆ.

ಆದರೆ ಈ ಸಂಶೋಧನೆಯನ್ನು ಆಡಳಿತದವರು ಉಲ್ಲೇಖಿಸುವಾಗ ನನಗೆ ಸ್ವಲ್ಪ ಗುಮಾನಿ ಬರುತ್ತದೆ. ಕೆಲಸದಲ್ಲಿ ಅರ್ಥ ಕಂಡುಕೊಂಡವರಿಗೆ ಸಂಬಳ, ರಜೆ, ಭದ್ರತೆ ಕೊಂಚ ಕಡಿಮೆಯಾದರೂ ನಡೆಯುತ್ತದೆ ಎಂಬ ಲೆಕ್ಕಾಚಾರ ಕೆಲವು ತಲೆಗಳಲ್ಲಿ ಓಡುತ್ತದೆ. ಕುಟುಂಬದ ಮಾತೂ ಹಾಗೆಯೇ. ಪಾಳಿ ಮುಗಿದ ಮೇಲೂ ಎರಡು ಗಂಟೆ ನಿಲ್ಲಿಸಿಕೊಳ್ಳುವಾಗ ಕುಟುಂಬ, ಗುತ್ತಿಗೆ ನವೀಕರಿಸುವಾಗ ಹೊರಗಿನವರು ಎಂದಾದರೆ ಆ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ನೀವು ಕೇಳಬೇಕಾದದ್ದು ಪ್ರೀತಿಯನ್ನಲ್ಲ. ಸೋಂಕು ನಿಯಂತ್ರಣದ ತರಬೇತಿ, ರಕ್ಷಣಾ ಸಾಮಗ್ರಿ, ಹೆಪಟೈಟಿಸ್ ಬಿ ಲಸಿಕೆ, ಸೂಜಿ ಚುಚ್ಚಿದರೆ ತಕ್ಷಣದ ಚಿಕಿತ್ಸೆ, ಇವು ಕಾಯಂ ನೌಕರರಿಗೆ ಸಿಗುವಂತೆಯೇ ನಿಮಗೂ ಸಿಗುತ್ತಿವೆಯೇ ಎಂದು ಕೇಳಿ. ಸಂಘವಿದ್ದರೆ ಅದರ ಮೂಲಕ, ಇಲ್ಲವಾದರೆ ನಾಲ್ಕು ಜನ ಸೇರಿ ಲಿಖಿತವಾಗಿ. ಚುಚ್ಚಿದ ಸೂಜಿಗೆ ಚೀಟಿಯ ಬಣ್ಣ ಗೊತ್ತಾಗುವುದಿಲ್ಲ. ಫೋಟೊದ ನೋವನ್ನು ನಾನು ಸಣ್ಣದೆನ್ನುತ್ತಿಲ್ಲ. ಕುರ್ಚಿ ಜೋಡಿಸಿದವರನ್ನು ಬದಿಗೆ ಸರಿಸಿದವರಿಗೆ ಅದು ಹೊಳೆದೇ ಇಲ್ಲದಿರಬಹುದು, ಅದೇ ಹೆಚ್ಚು ಬೇಸರದ ಸಂಗತಿ.

ಪ್ರಶ್ನೆ: ನಾನು ಲ್ಯಾಬ್ ಟೆಕ್ನಿಷಿಯನ್, ಮಿತಭಾಷಿ. ಹುಟ್ಟುಹಬ್ಬದ ಆಚರಣೆ, ಪ್ರವಾಸ, ವಾಟ್ಸ್‌ಆ್ಯಪ್ ಗುಂಪಿನ ಹರಟೆ ಯಾವುದೂ ನನಗೆ ಸೇರದು. ಇವಕ್ಕೆ ಹೋಗದಿದ್ದರೆ ತಂಡದವನಲ್ಲ ಎಂದಾಗುತ್ತದೆಯೇ?

ಉತ್ತರ: ಆಗಬಾರದು. ಸಂಜೆಯ ಸಮಾರಂಭಕ್ಕೆ ಬಾರದವರನ್ನು ಬೆಳಗಿನ ಕೆಲಸದಲ್ಲಿ ದೂರವಿಡುವ ತಂಡದಲ್ಲಿ ಕೊರತೆಯಿರುವುದು ನಿಮ್ಮದಲ್ಲ. ಡ್ಯೂಟಿ ಬದಲಾವಣೆಯ ಸುದ್ದಿ ಆ ಗುಂಪಿನಲ್ಲೇ ಬರುವುದಾದರೆ ಅದರಲ್ಲಿರಿ, ಹರಟೆಯನ್ನು ಮ್ಯೂಟ್ ಮಾಡಿಕೊಳ್ಳಿ. ಒಂದನ್ನು ಮಾತ್ರ ಬಿಡಬೇಡಿ. ರೋಗಿಯ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಿ 6.8 ಬಂದಿದೆಯೆಂದು ವಾರ್ಡಿಗೆ ಫೋನ್ ಮಾಡುವಾಗ ‘ಲ್ಯಾಬ್‌ನಿಂದ’ ಎನ್ನುವ ಬದಲು ನಿಮ್ಮ ಹೆಸರು ಹೇಳಿ, ಕೇಳಿಸಿಕೊಂಡವರ ಹೆಸರನ್ನೂ ಬರೆದುಕೊಳ್ಳಿ. ಹತ್ತು ಸಲ ಹೀಗೆ ಮಾಡಿದರೆ ಹನ್ನೊಂದನೆಯ ಸಲ ಅವರೇ ನಿಮ್ಮ ದನಿ ಗುರುತಿಸುತ್ತಾರೆ.

ಪ್ರಶ್ನೆ: ನಾನು ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ಎರಡು ತಿಂಗಳ ಹಿಂದೆ ಒಂದು ಉಪಕರಣ ಎತ್ತಿಕೊಡುವುದು ತಡವಾಯಿತೆಂದು ಹಿರಿಯ ವೈದ್ಯರು ಎಲ್ಲರೆದುರು ‘ಇಂಥವರನ್ನು ಯಾರು ಸೇರಿಸಿಕೊಂಡರೋ’ ಎಂದರು. ಅಂದಿನಿಂದ ಆಪರೇಷನ್ ಥಿಯೇಟರಿನಲ್ಲಿ ನನ್ನ ಬಾಯಿಂದ ಒಂದು ಪ್ರಶ್ನೆಯೂ ಹೊರಡುವುದಿಲ್ಲ. ಹಿರಿಯ ವಿದ್ಯಾರ್ಥಿಗಳು ‘ನಾವೂ ಇದನ್ನೆಲ್ಲ ಉಂಡೇ ಬಂದವರು, ಗಟ್ಟಿಯಾಗು’ ಎನ್ನುತ್ತಾರೆ. ನಾನು ಅತಿಸೂಕ್ಷ್ಮನೇ?

ಉತ್ತರ: ‘ನಾವೂ ಉಂಡೇ ಬಂದವರು’ ಎಂಬ ಮಾತನ್ನು ಅತ್ತೆ ಸೊಸೆಗೆ ಹೇಳಿದರೆ ನಗುವವರೇ ಅದನ್ನು ಥಿಯೇಟರಿನಲ್ಲಿ ಉಪದೇಶದಂತೆ ಕೇಳುತ್ತಾರೆ! ನೀವು ಅತಿಸೂಕ್ಷ್ಮರಲ್ಲ. ಒರಟು ಮಾತು ಕೈಚಳಕವನ್ನೂ ತೀರ್ಮಾನವನ್ನೂ ಕೆಡಿಸುತ್ತದೆಂಬುದಕ್ಕೆ ಪರೀಕ್ಷಿಸಿದ ಆಧಾರವಿದೆ.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಇಸ್ರೇಲಿನ ನವಜಾತ ಶಿಶು ತೀವ್ರ ನಿಗಾ ಘಟಕಗಳ 24 ತಂಡಗಳಿಗೆ, ಅವಧಿಗೆ ಮುನ್ನ ಹುಟ್ಟಿದ ಶಿಶುವೊಂದರ ಸ್ಥಿತಿ ಕರುಳಿನ ಕಾಯಿಲೆಯಿಂದ ಹದಗೆಡುವ ಅಣಕು ಪ್ರಸಂಗವನ್ನು ನಿಭಾಯಿಸಲು ಕೊಟ್ಟರು. ಕೆಲವು ತಂಡಗಳಿಗೆ, ವಿದೇಶದಿಂದ ಬಂದ ತಜ್ಞರೆಂದು ಪರಿಚಯಿಸಿದವರೊಬ್ಬರು ಆ ದೇಶದ ವೈದ್ಯಕೀಯ ಗುಣಮಟ್ಟದ ಬಗ್ಗೆ ಹಗುರವಾಗಿ ಮಾತನಾಡಿದರು. ಉಳಿದವರಿಗೆ ಸಾಧಾರಣ ಮಾತುಗಳನ್ನಷ್ಟೇ ಆಡಿದರು. ಬೈಗುಳವಿಲ್ಲ, ಕೂಗಾಟವಿಲ್ಲ. ಆದರೂ ತಾತ್ಸಾರದ ಮಾತು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. ತಿಳಿದದ್ದನ್ನು ಪರಸ್ಪರ ಹೇಳಿಕೊಳ್ಳುವುದು ಮತ್ತು ನೆರವು ಕೇಳುವುದು ಆ ತಂಡಗಳಲ್ಲಿ ಕಡಿಮೆಯಾಗಿತ್ತು. ನಿಮ್ಮ ಬಾಯಿ ಕಟ್ಟಿರುವುದೂ ಅದೇ ಬಗೆಯದು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ನೀವು ದಿನಾ ನೋಡುತ್ತೀರಿ. ಅದರ 19 ಅಂಶಗಳಲ್ಲಿ, ಕತ್ತರಿ ಹಾಕುವ ಮುನ್ನ ತಂಡದ ಪ್ರತಿಯೊಬ್ಬರೂ ಹೆಸರು ಮತ್ತು ಪಾತ್ರ ಹೇಳಿ ಪರಿಚಯಿಸಿಕೊಳ್ಳಬೇಕೆಂಬುದೂ ಒಂದು. ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದ 2009ರ ವರದಿಯಂತೆ ಶಸ್ತ್ರಚಿಕಿತ್ಸೆಯ ನಂತರದ ಸಾವುಗಳು ಶೇ 1.5ರಿಂದ ಶೇ 0.8ಕ್ಕೆ ಇಳಿದವು. ಅದರ ಶ್ರೇಯಸ್ಸೆಲ್ಲ ಹೆಸರು ಹೇಳಿದ್ದಕ್ಕೆ ಸಲ್ಲದು, ಪಟ್ಟಿಯಲ್ಲಿ ಇನ್ನೂ ಎಷ್ಟೋ ಇವೆ. ಆದರೆ ಆರಂಭದಲ್ಲಿ ಒಮ್ಮೆ ದನಿ ಎತ್ತಿದವರಿಗೆ ಎರಡನೆಯ ಸಲ ದನಿ ಎತ್ತುವುದು ಸುಲಭ ಎಂಬ ತಿಳಿವು ಆ ಸಾಲಿನ ಹಿಂದಿದೆ. ಅನೇಕ ಕಡೆ ಆ ಸಾಲಿಗೆ ಸುಮ್ಮನೆ ಟಿಕ್ ಹಾಕಿ ಮುಂದೆ ಹೋಗುವುದನ್ನು ನಾನೇ ಕಂಡಿದ್ದೇನೆ. ರಾಬ್ ಹ್ಯಾಕೆಟ್ ಎಂಬ ಆಸ್ಟ್ರೇಲಿಯಾದ ಅರಿವಳಿಕೆ ತಜ್ಞರು ತಮ್ಮ ಟೋಪಿಯ ಮೇಲೇ ಹೆಸರು, ಹುದ್ದೆ ಬರೆದುಕೊಂಡು ಥಿಯೇಟರಿಗೆ ಬರತೊಡಗಿದ್ದು ಸುಮ್ಮನೆ ಅಲ್ಲ; ಮಾಸ್ಕ್ ಹಾಕಿದ ಮುಖಗಳ ನಡುವೆ ‘ಏಯ್, ಅದನ್ನು ಕೊಡಿ’ ಎನ್ನುವುದಕ್ಕೂ ಹೆಸರು ಹಿಡಿದು ಕೇಳುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಹಿರಿಯರನ್ನು ತಿದ್ದುವುದು ನಿಮ್ಮ ಕೈಯಲ್ಲಿಲ್ಲ. ಪರಿಚಯದ ಆ ಸಾಲು ಬಂದಾಗ ಗೊಣಗದೆ, ಮೂಲೆಯಲ್ಲಿರುವವರಿಗೂ ಕೇಳಿಸುವಂತೆ ನಿಮ್ಮ ಹೆಸರನ್ನು ಹೇಳುವುದು ಇದೆ. ಕೇಳಬೇಕೆಂದಿರುವ ಪ್ರಶ್ನೆಯನ್ನು ಹಿಂದಿನ ಸಂಜೆಯೇ ಥಿಯೇಟರಿನ ಹಿರಿಯ ಶುಶ್ರೂಷಕಿಯ ಬಳಿ ಕೇಳಿ. ನಿಮ್ಮ ಆ ಹಿರಿಯರ ಕೈಗೆ ಯಾವ ಹಂತದಲ್ಲಿ ಯಾವ ಉಪಕರಣ ಬೇಕೆಂಬುದು ಆ ಶುಶ್ರೂಷಕಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರುವುದಿಲ್ಲ. ಅಂಥ ಮಾತು ಮತ್ತೆ ಮತ್ತೆ ಬಂದರೆ ದಿನಾಂಕ, ಸಂದರ್ಭ ಬರೆದಿಟ್ಟುಕೊಂಡು ವಿಭಾಗದ ಮುಖ್ಯಸ್ಥರಿಗೆ ದೂರು ಕೊಡಿ. ನಿಮ್ಮ ಕೈಕೆಳಗೆ ವಿದ್ಯಾರ್ಥಿಗಳು ಬಂದಾಗ ಈ ಪತ್ರದ ಪ್ರತಿಯನ್ನು ತೆಗೆದು ಓದಿ.

ಪ್ರಶ್ನೆ: ನಾನು ವಾರ್ಡಿನ ಮೇಲ್ವಿಚಾರಕಿ. ವರ್ಷವೊಂದರಲ್ಲಿ ಏಳು ಮಂದಿ ಬಿಟ್ಟುಹೋದರು. ಆಡಳಿತದವರು ಉಪನ್ಯಾಸವೊಂದನ್ನು ಏರ್ಪಡಿಸಿ ಎಲ್ಲರಿಗೂ ‘ನನ್ನ ತಂಡ, ನನ್ನ ಹೆಮ್ಮೆ’ ಎಂಬ ಬ್ಯಾಡ್ಜ್ ಕೊಟ್ಟರು. ಹಣ, ನೇಮಕಾತಿ ನನ್ನ ಕೈಯಲ್ಲಿಲ್ಲ. ನನ್ನ ಅಳತೆಯಲ್ಲಿ ಏನು ಮಾಡಬಹುದು?

ಉತ್ತರ: ಮೊದಲು ಒಂದು ಎಚ್ಚರ. ಕೆಲಸದ ಬಳಲಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅದರ ಬೇರುಗಳನ್ನು ಆರು ಕಡೆ ಗುರುತಿಸುತ್ತಾರೆ: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಪ್ರತಿಫಲ, ಜೊತೆಗಾರರ ಸಮುದಾಯ, ನ್ಯಾಯ, ಮೌಲ್ಯಗಳು. ನೀವು ಕೇಳುತ್ತಿರುವುದು ಆರರಲ್ಲಿ ಒಂದನ್ನು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡುವ ವಾರ್ಡಿನಲ್ಲಿ ಎಷ್ಟು ಅಕ್ಕರೆ ತೋರಿಸಿದರೂ ಜನ ಹೋಗುತ್ತಾರೆ, ಹೋಗಲೂಬೇಕು. ಖಾಲಿ ಹುದ್ದೆಗಳ ಪತ್ರವನ್ನು ಮೇಲಕ್ಕೆ ಬರೆಯುವುದನ್ನು ಬ್ಯಾಡ್ಜಿನ ಕಾರಣಕ್ಕೆ ನಿಲ್ಲಿಸಬೇಡಿ.

ನಿಮ್ಮ ಕೈಯಲ್ಲಿರುವ ದೊಡ್ಡ ಅಧಿಕಾರ ಡ್ಯೂಟಿ ಪಟ್ಟಿ. ರಾತ್ರಿ ಪಾಳಿ, ಹಬ್ಬದ ದಿನದ ಪಾಳಿ, ಬೇರೆ ವಾರ್ಡಿಗೆ ಎರವಲು ಹೋಗುವ ಸರದಿ, ಇವು ಯಾರ ಪಾಲಿಗೆ ಎಷ್ಟು ಬಂದಿವೆ ಎಂದು ಕಳೆದ ಆರು ತಿಂಗಳ ಪಟ್ಟಿಗಳನ್ನು ಎದುರಿಟ್ಟುಕೊಂಡು ಎಣಿಸಿ. ಎಣಿಸಿದವರಿಗೆ ಸಾಮಾನ್ಯವಾಗಿ ನಾಚಿಕೆಯಾಗುತ್ತದೆ, ನನಗಂತೂ ಆಗಿತ್ತು. ತಪ್ಪು ನಡೆದಾಗ ನೀವು ಕೇಳುವ ಮೊದಲ ಪ್ರಶ್ನೆ ‘ಯಾರು?’ ಎಂದೋ ‘ಹೇಗಾಯಿತು?’ ಎಂದೋ ಎಂಬುದನ್ನು ವಾರ್ಡಿನವರೆಲ್ಲ ಗಮನಿಸುತ್ತಿರುತ್ತಾರೆ. ಹೊಸಬರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ನರ್ಸಿಂಗ್ ವಿದ್ಯಾರ್ಥಿಗಳ ಬಗ್ಗೆ ಟ್ರೇಸಿ ಲೆವೆಟ್-ಜೋನ್ಸ್ ಮತ್ತು ಜುಡಿತ್ ಲ್ಯಾಥ್ಲೀನ್ 2009ರಲ್ಲಿ ಬರೆದಂತೆ, ಗುಂಪಿಗೆ ಸೇರಿಸಿಕೊಳ್ಳಲಿ ಎಂಬ ಆಸೆಯಿಂದ ವಿದ್ಯಾರ್ಥಿಗಳು ಸರಿಯಲ್ಲವೆಂದು ತಮಗೆ ಗೊತ್ತಿರುವ ಪದ್ಧತಿಗೂ ಎದುರಾಡದೆ ತಲೆಬಾಗುತ್ತಾರೆ. ಮೊದಲ ವಾರದಲ್ಲೇ ಒಬ್ಬ ನಿಶ್ಚಿತ ಜೊತೆಗಾರರನ್ನು ಕೊಟ್ಟು, ‘ನಮ್ಮ ವಾರ್ಡಿನಲ್ಲಿ ನಿಮಗೆ ಸರಿ ಕಾಣದ್ದೇನು?’ ಎಂದು ವಾರದ ಕೊನೆಗೆ ನೀವೇ ಕೇಳಿ. ಹೊಸ ಕಣ್ಣಿಗೆ ಕಂಡದ್ದು ಹಳೆಯ ಕಣ್ಣಿಗೆ ಕಾಣುವುದಿಲ್ಲ.

ಸಾಧ್ಯವಾದರೆ ತಿಂಗಳಿಗೊಮ್ಮೆ ಒಂದು ಗಂಟೆ, ವೈದ್ಯರಿಂದ ಹಿಡಿದು ಸ್ಟ್ರೆಚರ್ ತಳ್ಳುವವರವರೆಗೆ ಎಲ್ಲರೂ ಕೂತು, ಮನಸ್ಸನ್ನು ಕಾಡಿದ ಒಂದು ಪ್ರಸಂಗದ ಬಗ್ಗೆ ಮಾತನಾಡುವ ಏರ್ಪಾಟು ಮಾಡಿ. 1995ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಕೆನೆತ್ ಶ್ವಾರ್ಟ್ಸ್ ಎಂಬ ಅಮೆರಿಕದ ವಕೀಲರ ಹೆಸರಿನ ಸಂಸ್ಥೆಯಿಂದ ಆರಂಭವಾದ ‘ಶ್ವಾರ್ಟ್ಸ್ ರೌಂಡ್ಸ್’ ಇದೇ ಬಗೆಯದು. ಅಲ್ಲಿ ಚಿಕಿತ್ಸೆ ಸರಿಯೋ ತಪ್ಪೋ ಎಂದು ಚರ್ಚಿಸುವುದಿಲ್ಲ, ಅಂದು ನಿಮಗೆ ಹೇಗಾಯಿತು ಎಂದಷ್ಟೇ ಕೇಳುತ್ತಾರೆ.

ಕೊನೆಗೆ ನನ್ನದೇ ತಪ್ಪೊಂದನ್ನು ಹೇಳಬೇಕು. ನಾನು ಮೇಲ್ವಿಚಾರಕಿಯಾದ ಮೊದಲ ವರ್ಷ ವಾರ್ಡಿನ ಬಿಳಿ ಹಲಗೆಯ ಮೇಲೆ ಕಾಯಂ ಸಿಬ್ಬಂದಿಯ ಹೆಸರುಗಳು ಅಚ್ಚು ಹಾಕಿಸಿದ ಅಯಸ್ಕಾಂತದ ಪಟ್ಟಿಗಳಲ್ಲಿರುತ್ತಿದ್ದವು. ಬೇರೆ ವಾರ್ಡಿನಿಂದ ಬಂದವರಿಗೆ ಕೆಳಗಿನ ಮೂಲೆಯಲ್ಲಿ ‘ಹೊರಗಿನವರು – 2’ ಎಂದು ಮಾರ್ಕರಿನಲ್ಲಿ ಬರೆಯುತ್ತಿದ್ದೆ. ಒಂದು ರಾತ್ರಿ ಆ ಇಬ್ಬರಲ್ಲೊಬ್ಬರು, ರಕ್ತದೊತ್ತಡ ಇನ್ನೂ ಸರಿಯಾಗಿಯೇ ಇದ್ದ ರೋಗಿಯೊಬ್ಬರ ಉಸಿರಾಟ ನಿಮಿಷಕ್ಕೆ 18ರಿಂದ 28ಕ್ಕೆ ಏರಿದ್ದನ್ನು ಗಮನಿಸಿ, ಎರಡು ಸಲ ಫೋನ್ ಮಾಡಿ ವೈದ್ಯರನ್ನು ಕರೆಸಿದರು, ರೋಗಿ ಉಳಿದರು. ಬೆಳಿಗ್ಗೆ ನಾನು ವರದಿ ಪುಸ್ತಕದಲ್ಲಿ ‘ರಾತ್ರಿ ಪಾಳಿಯ ಸಿಬ್ಬಂದಿ ಗಮನಿಸಿದರು’ ಎಂದು ಬರೆದೆ. ಆಕೆ ಸಹಿ ಹಾಕುವ ಮುನ್ನ ಅದನ್ನು ಓದಿದರು. ಏನೂ ಹೇಳದೆ ಹಲಗೆಯ ಬಳಿ ಹೋಗಿ, ‘ಹೊರಗಿನವರು – 2’ ಎಂಬುದನ್ನು ಹೆಬ್ಬೆರಳಿನಿಂದ ಒರೆಸಿ, ತಮ್ಮ ಹೆಸರನ್ನೂ ಜೊತೆಯವರ ಹೆಸರನ್ನೂ ದುಂಡಗೆ ಬರೆದು, ಮಾರ್ಕರಿನ ಮುಚ್ಚಳ ಹಾಕಿಟ್ಟು ಮನೆಗೆ ಹೋದರು. ನಾನು ವರದಿ ಪುಸ್ತಕದ ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಆಕೆಯ ಹೆಸರು ಬರೆದು, ಮೇಲೆ ನನ್ನ ಸಹಿ ಹಾಕಿದೆ. ನಿಮ್ಮ ವಾರ್ಡಿನಲ್ಲೂ ಒಂದು ಹಲಗೆ ಇರುತ್ತದೆ. ನಾಳೆ ಡ್ಯೂಟಿಗೆ ಹೋದಾಗ ಅದರ ಕೆಳಗಿನ ಮೂಲೆಯಲ್ಲಿ ಏನು ಬರೆದಿದೆ ಎಂದು ನೋಡಿ.